ಕೆರೆಯಲ್ಲಿ ನೆನೆದ ಕೋಲು

ನಂದಗುಡಿ ಸಂತೆಯಲ್ಲಿ ನಮ್ಮೂರಿನ ಮುದುಕರನ್ನು ಗುರುತಿಸುವುದು ಸುಲಭವಾಗಿತ್ತು. ಅವರ ಕೈಯಲ್ಲಿ ಇರುತ್ತಿದ್ದುದು ಹಳದಿ ಬಣ್ಣದ ನುಣುಪಾದ ಊರುಗೋಲು. ಅದರ ಉದ್ದಕ್ಕೂ ಅಲ್ಲಲ್ಲಿ ಕಪ್ಪನೆಯ ಕಣ್ಣುಗಳು. ಆ ಕೋಲು ಎಲ್ಲಿ ಸಿಗುತ್ತದೆ ಎಂದು ಬೇರೆ ಊರಿನವರು ಕೇಳಿದರೆ, "ಸಿಗಲ್ಲ, ನಮ್ಮ ಅಪ್ಪಯ್ಯಣ್ಣ ಮಾಡಿಕೊಡ್ತಾನೆ" ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದರು.

ಅಪ್ಪಯ್ಯಣ್ಣ ಆಚಾರಿಯಲ್ಲ. ರಾಗಿ ಬೆಳೆದು, ಸೀಮೆಹಸು ಕಟ್ಟಿ, ಡೇರಿಗೆ ಹಾಲು ಹಾಕುವ ಒಕ್ಕಲು ಮನೆಯವನು. ಕೋಲು ಮಾಡುವುದು ಅಜ್ಜನಿಂದ ಬಂದದ್ದು. ಅದಕ್ಕೆ ಅವನು ದುಡ್ಡು ಮುಟ್ಟುತ್ತಿರಲಿಲ್ಲ. ಎಲೆ ಅಡಿಕೆ ಕೊಟ್ಟರೆ ತೆಗೆದುಕೊಳ್ಳುತ್ತಿದ್ದ.

ಮಾಘ ಮಾಸದಲ್ಲಿ ಹುಣ್ಣಿಮೆ ಕಳೆದ ಮೇಲೆ ಮಚ್ಚು ಹಿಡಿದು ಕೆರೆಯಂಗಳದ ಕರಿಜಾಲಿ ಮರಗಳ ನಡುವೆ ಅಲೆಯುತ್ತಿದ್ದ. ಬೆಳದಿಂಗಳು ಏರುವಾಗ ಕಡಿದ ಮರಕ್ಕೆ ಹುಳು ಬೀಳುತ್ತದೆ ಎಂದು ನಮ್ಮ ಕಡೆ ನಂಬಿಕೆ. ನೀಟಾಗಿ ಬೆಳೆದ ಕೊಂಬೆ ಅವನಿಗೆ ಬೇಡ. ಪಕ್ಕದ ರೆಂಬೆಗಳು ಒಣಗಿ ಉದುರಿ, ಆ ಜಾಗವೆಲ್ಲ ಗಂಟುಕಟ್ಟಿಕೊಂಡಿರುವ ಕೊಂಬೆ ಬೇಕು. ಮೇಲೆ ನೋಡಿದರೆ ಒರಟು. ಕೆತ್ತಿದಾಗ ಆ ಗಂಟುಗಳೇ ಕಣ್ಣುಗಳಾಗುತ್ತವೆ. ಮುಳ್ಳು ಸವರಿ, ಕಡಿದ ತುದಿಗಳಿಗೆ ಸೀಳು ಬಿಡದಂತೆ ಸಗಣಿ ಮೆತ್ತಿ, ಕಂತೆ ಕಟ್ಟಿ, ತೂಬಿನ ಹತ್ತಿರದ ಕೆಸರಿನಲ್ಲಿ ಹೂತು ಮೇಲೆ ಕಲ್ಲು ಹೇರುತ್ತಿದ್ದ. ಮುಂಗಾರು ಹಿಡಿಯುವ ಹೊತ್ತಿಗೆ ತೆಗೆದರೆ ತೊಗಟೆ ಬಾಳೆಹಣ್ಣಿನ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತಿತ್ತು.

ತೊಗಟೆ ತೆಗೆದ ಕೂಡಲೇ ಅವನು ಕೋಲನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದ. ಹುಳಿವಾಸನೆ ಬಂದರೆ ಮತ್ತೆ ಕೆಸರಿಗೆ. ಒದ್ದೆ ಮಣ್ಣಿನ ವಾಸನೆ ಬಂದರೆ "ಆಗೈತೆ" ಎನ್ನುತ್ತಿದ್ದ. ಅವನ ಬಾಯಿಂದ ಆ ಮಾತು ಬರುವುದನ್ನು ಕಾಯುತ್ತ ನಾಲ್ಕು ಜನ ನಿಂತಿರುತ್ತಿದ್ದರು. ಆಮೇಲೆ ಕೊಟ್ಟಿಗೆಯ ನೆರಳಿನಲ್ಲಿ ಕಲ್ಲು ಕಟ್ಟಿ ತೂಗುಹಾಕಿ ಒಣಗಿಸುವುದು, ಬಿಸಿ ಬೂದಿಯಲ್ಲಿ ಸೊಟ್ಟ ತೆಗೆಯುವುದು, ಬಾಚಿಯಲ್ಲಿ ಕೆತ್ತುವುದು, ಗಾಜಿನ ಚೂರಿನಲ್ಲಿ ಹೆರೆಯುವುದು, ಹರಳೆಣ್ಣೆ ತಿಕ್ಕುವುದು. ಕೋಲು ಸಿದ್ಧವಾದ ದಿನ ಬೆಳಿಗ್ಗೆ ತಾನೇ ಹೇಳಿಟ್ಟವರ ಮನೆಗೆ ಹೋಗಿ ಕೊಡುತ್ತಿದ್ದ. ಪಡೆದವರು ಎರಡು ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಆಮೇಲೆ ನೆಲಕ್ಕೆ ಊರಬೇಕು. ಅದು ನಮ್ಮೂರಿನ ಪದ್ಧತಿ.

ಎರಡನೇ ಸಲ ಕೊರೋನಾ ಬಂದಾಗ ಅಪ್ಪಯ್ಯಣ್ಣನಿಗೂ ಬಂತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ಬಾಯಿಗೆ ಉಪ್ಪು ಹುಳಿ ಖಾರ ತಿಳಿಯತೊಡಗಿತು. ಹೋದ ವಾಸನೆ ಮಾತ್ರ ತಿರುಗಿ ಬರಲಿಲ್ಲ. ಮೊದಮೊದಲು, ಹೇಳಿದರೆ ಜನ ಹತ್ತಿರ ಸೇರಿಸುವುದಿಲ್ಲ ಎಂದು ಸುಮ್ಮನಿದ್ದ. ನಾಳೆ ಬಂದೀತು, ಹಬ್ಬದ ಹೊತ್ತಿಗೆ ಬಂದೀತು ಎಂದು ಕಾದ. ಕಾಯುತ್ತ ಕಾಯುತ್ತ, ಹೇಳುವ ಹೊತ್ತು ಮೀರಿಹೋಯಿತು. ಹೆಂಡತಿ ನಾರಾಯಣಮ್ಮ ಸಾರಿಗೆ ಒಗ್ಗರಣೆ ಹಾಕಿದ ಸದ್ದು ಕೇಳಿದರೆ ಜಗಲಿಯಿಂದಲೇ "ಘಮ್ ಅಂತೈತೆ ಕಣೇ" ಎನ್ನುತ್ತಿದ್ದ. ಒಂದು ದಿನ ಅವಳು ಬಿಸಿ ಸೌಟನ್ನು ಬರೀ ನೀರಿನ ಪಾತ್ರೆಗೆ ಅದ್ದಿದಾಗಲೂ ಆ ಸದ್ದಿಗೆ ಅದೇ ಮಾತು ಹೇಳಿದ. ಅವಳು ಬಾಗಿಲಿಗೆ ಬಂದು ಅವನನ್ನು ನೋಡಿ ಒಳಗೆ ಹೋದಳು.

ಅದೇ ಸುಮಾರಿಗೆ ಕೆರೆಯ ಮೇಲ್ಗಡೆಯ ರಾಗಿ ಹೊಲಗಳು ಲೇಔಟ್ ಆದವು. ಕಮಾನು ನಿಂತಿತು, ಮನೆಗಳು ಎದ್ದವು, ಅಲ್ಲಿನ ಮೋರಿಯ ನೀರು ಕಾಲುವೆ ಸೇರಿ ನಮ್ಮ ಕೆರೆಗೆ ಬಂತು. ಬೇಸಿಗೆಗೆ ಬತ್ತುತ್ತಿದ್ದ ಕೆರೆ ಈಗ ವರ್ಷವಿಡೀ ಹಸಿರು ನೀರು ತುಂಬಿಕೊಂಡು ನಿಂತಿತು. ಏರಿಯ ಮೇಲೆ ಹೋಗುವವರು ಟವೆಲ್ಲಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರು. ಅಪ್ಪಯ್ಯಣ್ಣ ಮುಂದೆ ಹೋಗುವವರನ್ನು ನೋಡುತ್ತಿದ್ದ. ಅವರು ಟವೆಲ್ ಎತ್ತಿದಾಗ ತಾನೂ ಎತ್ತುತ್ತಿದ್ದ. "ಏನ್ ನಾತ ಅಂತೀನಿ" ಎಂದು ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವನೂ ಅವನೇ.

ಆ ಮಾಘದಲ್ಲಿ ಅವನು ಕಂತೆ ಹೊತ್ತುಕೊಂಡು ತೂಬಿನ ಕಡೆ ಹೋಗುವುದನ್ನು ಪಿಳ್ಳಪ್ಪ ನೋಡಿದ. ಪಿಳ್ಳಪ್ಪ ಅವನಿಗಿಂತ ನಾಲ್ಕಾರು ವರ್ಷ ದೊಡ್ಡವನು, ಸೊಂಟ ಬಗ್ಗಿದವನು. ಆ ವರ್ಷದ ಕೋಲಿಗೆ ಹೇಳಿಟ್ಟವನು.

"ಅಲ್ಲಾ ಅಪ್ಪಯ್ಯ, ಈ ರೊಚ್ಚಿನಾಗೇ ನೆನೆಹಾಕ್ತೀಯೇನ್ಲಾ?"

"ನಮ್ಮಜ್ಜನ ಕಾಲ್ದಿಂದ ಇಲ್ಲೇ ಅಲ್ವಾ ಪಿಳ್ಳಪ್ಪಣ್ಣ."

"ನಿಮ್ಮಜ್ಜ ಇದ್ದಾಗ ಲೇಔಟ್ನೋರು ಇದ್ರಾ?"

"ಮರ ನೀರು ಕುಡೀತೈತೆ. ನಾತ ಕುಡೀತದಾ?"

ಪಿಳ್ಳಪ್ಪ ನಕ್ಕ. ಅಪ್ಪಯ್ಯಣ್ಣನೂ ನಕ್ಕ. ಆದರೆ ಮನೆ ಮುಟ್ಟುವವರೆಗೂ ತಾನೇ ಕೇಳಿದ ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಮುಂಗಾರಿಗೆ ಕಂತೆ ತೆಗೆದು ತೊಗಟೆ ಸುಲಿದ ದಿನ, ಕಾದು ನಿಂತವರ ಮುಂದೆ ಕೋಲನ್ನು ಮೂಗಿಗೆ ಹಿಡಿದ. ಏನೂ ತಿಳಿಯಲಿಲ್ಲ. ಹಿಂದಿನ ವರ್ಷಗಳಲ್ಲಿ ಎಷ್ಟು ಹೊತ್ತು ಹಿಡಿಯುತ್ತಿದ್ದನೋ ಅಷ್ಟೇ ಹೊತ್ತು ಹಿಡಿದು, ಕಣ್ಣು ತೆರೆದು, "ಆಗೈತೆ" ಎಂದ. ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು. ತನಗೆ ದಾರಿ ಬಿಟ್ಟರು ಎಂದುಕೊಂಡ.

ಒಮ್ಮೆ ಹೆಂಡತಿಯನ್ನು ಕೇಳಿಬಿಡೋಣ ಎನ್ನಿಸಿತ್ತು. ಕೊಟ್ಟಿಗೆಯಲ್ಲಿ ಕೋಲು ಹೆರೆಯುತ್ತಿದ್ದವನು "ಲೇ, ಇಲ್ಲಿ ಬಾ" ಎಂದು ಕರೆದ. ನಾರಾಯಣಮ್ಮ ಬಂದು ಎದುರಿಗೆ ನಿಂತಳು. ಅವನು ಕೋಲನ್ನು ಅವಳ ಮುಖದ ಕಡೆ ಎತ್ತಿದ.

"ಏನು?"

"ಏನಿಲ್ಲ. ಹರಳೆಣ್ಣೆ ತತ್ತಾ."

ಅವಳು ಒಂದು ಗಳಿಗೆ ನಿಂತು ನೋಡಿ ಎಣ್ಣೆ ತರಲು ಹೋದಳು.

ಆ ವರ್ಷದ ಕೋಲುಗಳು ಹಂಚಿಹೋದವು. ಪಡೆದವರು ಎಂದಿನಂತೆ ಕಣ್ಣಿಗೊತ್ತಿಕೊಂಡರು. ಪಿಳ್ಳಪ್ಪನ ಕಣ್ಣಲ್ಲಿ ನೀರು ಬಂತು. ಅಪ್ಪಯ್ಯಣ್ಣ ಮನೆಗೆ ಬಂದು, "ಪಿಳ್ಳಪ್ಪಣ್ಣ ಅತ್ತೇಬಿಟ್ಟ ಕಣೇ, ಕೋಲು ನೋಡಿ" ಎಂದ. ನಾರಾಯಣಮ್ಮ ಹೂಂಗುಟ್ಟಿ ಅಡುಗೆಮನೆಗೆ ಹೋದಳು. ಮುಂದಿನ ವರ್ಷವೂ ಅದೇ ಕೆಸರು, ಅದೇ ಮಾತು.

ಅದೇ ಎರಡನೇ ವರ್ಷ ಮಗಳು ಪದ್ಮಶ್ರೀಯ ಮದುವೆ ಜಡಿಗೇನಹಳ್ಳಿಯ ಅನಿಲ್‌ಕುಮಾರನ ಜೊತೆ ಆಯಿತು. ಹುಡುಗ ಹೊಸಕೋಟೆ ಹತ್ತಿರದ ಗೋಡೌನಿನಲ್ಲಿ ಕೆಲಸಕ್ಕಿದ್ದ. ಅವನ ಅಪ್ಪ ಬಚ್ಚಪ್ಪನವರಿಗೆ ಮಂಡಿ ನೋವು, ನಡೆಯುವಾಗ ಗೋಡೆ ಹಿಡಿಯುತ್ತಿದ್ದರು. ಅಪ್ಪಯ್ಯಣ್ಣ ಅದನ್ನು ಹೆಣ್ಣು ನೋಡುವ ಶಾಸ್ತ್ರದ ದಿನವೇ ಗಮನಿಸಿದ್ದ. ಕಂತೆಯಲ್ಲಿದ್ದ ಕೋಲುಗಳಲ್ಲಿ ಹೆಚ್ಚು ಕಣ್ಣಿದ್ದುದನ್ನು ಬೀಗರಿಗೆಂದು ಆರಿಸಿ ತೆಗೆದಿಟ್ಟ.

"ಬೀಗರಿಗೆ ಪಂಚೆ ಶಲ್ಯ ತಂದೀವಲ್ಲ. ಕೋಲು ಯಾಕೆ?" ಎಂದಳು ನಾರಾಯಣಮ್ಮ.

"ಪಂಚೆ ಅಂಗಡಿನಾಗೆ ಯಾರಿಗಾದ್ರೂ ಸಿಗ್ತೈತೆ."

"ಈ ಸಾರಿ ಬ್ಯಾಡ ಅಂತೀನಿ."

"ಯಾಕ್ ಬ್ಯಾಡ?"

ಅವಳು ಶಲ್ಯ ಮಡಿಚಿ ಒಳಗಿಟ್ಟಳು. ಎರಡು ದಿನ ಬಿಟ್ಟು ನೋಡಿದರೆ ಕೋಲು ಹಿತ್ತಲಿನ ಬಿಸಿಲಲ್ಲಿತ್ತು, ಪಕ್ಕದಲ್ಲಿ ಸೋಪಿನ ನೊರೆಯ ಬಕೆಟ್. ಕೋಲು ಸೀಳು ಬಿಡುತ್ತದೆ, ನಿನಗೇನು ತಲೆ ಕೆಟ್ಟಿದೆಯಾ ಎಂದು ಅವನು ಕೂಗಾಡಿದ. ಅವಳು ಬೈಸಿಕೊಂಡು ಕೋಲನ್ನು ಒಳಗಿಟ್ಟಳು.

ಬೀಗರ ಔತಣ ನಮ್ಮೂರಿನಲ್ಲೇ ನಡೆಯಿತು. ಮನೆ ಮುಂದೆ ಶಾಮಿಯಾನ, ಅದರಡಿ ಕಾದ ಗಾಳಿ, ಮುದ್ದೆ ತೊಳಸುವ ದೊಡ್ಡ ಪಾತ್ರೆ. ಬೀಗರ ಕಡೆಯವರು ಎರಡು ಟೆಂಪೊದಲ್ಲಿ ಬಂದಿಳಿದರು. ಊಟಕ್ಕೆ ಮೊದಲು ಅಪ್ಪಯ್ಯಣ್ಣ ಒಳಗಿನಿಂದ ಕೋಲು ತಂದು ಎಲ್ಲರ ನಡುವೆ ಬಚ್ಚಪ್ಪನವರಿಗೆ ನೀಡಿದ.

"ತಗೊಳ್ಳಿ ಬೀಗ್ರೆ. ಇನ್ನು ಗೋಡೆ ಹಿಡೀಬ್ಯಾಡಿ."

"ಅಯ್ಯೋ, ಇದ್ಯಾಕೆ ತೊಂದ್ರೆ ತಗೊಂಡ್ರಿ" ಎನ್ನುತ್ತ ಬಚ್ಚಪ್ಪನವರು ಕಷ್ಟಪಟ್ಟು ಎದ್ದು ನಿಂತರು. ನಮ್ಮೂರಿನ ಪದ್ಧತಿಯನ್ನು ಯಾರೋ ಹೇಳಿಕೊಟ್ಟರು. ಎರಡು ಕೈಯಲ್ಲಿ ಕೋಲು ಹಿಡಿದು ಕಣ್ಣಿಗೊತ್ತಿಕೊಂಡವರು ತಲೆಯನ್ನು ಥಟ್ಟನೆ ಹಿಂದಕ್ಕೆಳೆದರು. ಸಾವರಿಸಿಕೊಂಡು, ಕೋಲನ್ನು ಮಾರುದೂರ ಹಿಡಿದು, "ಚೆನ್ನಾಗೈತೆ ಬೀಗ್ರೆ, ಬಾಳ ಚೆನ್ನಾಗೈತೆ" ಎಂದರು.

ತಮ್ಮನ ಮನೆಯಲ್ಲೇ ಇರುವ ಅವರ ಅಕ್ಕ ಮುನಿತಾಯಮ್ಮ ಪಕ್ಕದಲ್ಲೇ ಕೂತಿದ್ದರು. ಮಾತಿನಲ್ಲಿ ಯಾರಿಗೂ ಸೋಲದ ಹೆಂಗಸು. "ತತ್ತಾ, ನಾನೂ ಒತ್ಕೊಳ್ತೀನಿ" ಎಂದು ಕೋಲು ಇಸಿದುಕೊಂಡು ಮುಖದ ಹತ್ತಿರ ತಂದವರು ಸೆರಗಿನಿಂದ ಮೂಗು ಮುಚ್ಚಿದರು.

"ಲೇ ಬಚ್ಚಾ, ಬೀಗ್ರು ಕೊಟ್ಟಿರೋದು ಊರುಗೋಲೋ, ಮೋರಿ ಕೆದಕೋ ಕೋಲೋ?"

ಬೀಗರ ಕಡೆಯವರು ಗೊಳ್ಳೆಂದು ನಕ್ಕರು. ಬೀಗರೂಟದಲ್ಲಿ ಕಾಲೆಳೆಯುವುದು ಇದ್ದದ್ದೇ. ಉಪ್ಪು ಸಾಲದು, ಕೋಳಿ ಮುದಿ, ಚಾಪೆ ಹರಿದಿದೆ ಎಂದು ಏನಾದರೂ ಅನ್ನಬೇಕು, ಇವರು ತಿರುಗಿಸಿ ಅನ್ನಬೇಕು. ಅಪ್ಪಯ್ಯಣ್ಣನೂ ನಕ್ಕ.

"ಜಡಿಗೇನಳ್ಳಿಯೋರ ಮೂಗಿಗೆ ನಮ್ಮ ಮಟನ್ ಸಾರಿನ ಘಾಟು ಹತ್ತೈತೆ ಬುಡಿ ಮುನಿತಾಯಮ್ನೋರೆ. ಇಲ್ ಕೊಡಿ ಇತ್ತ."

ಕೋಲು ತೆಗೆದುಕೊಂಡು, ಎಲ್ಲರಿಗೂ ಕಾಣುವಂತೆ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡ.

"ಆಹಾ. ಮೊದಲ ಮಳೆ ಬಿದ್ದ ಮಣ್ಣಿನ ವಾಸ್ನೆ. ಇದು ಮೋರಿಯಾ?"

ಅವನು ಕಣ್ಣು ತೆರೆಯುವಷ್ಟರಲ್ಲಿ ನಗು ನಿಂತಿತ್ತು. ಕೋಲಿನ ಕಣ್ಣುಗಳ ಸುತ್ತ ಬಿಸಿಲಿಗೆ ಬೆವರಿದಂತೆ ಎಣ್ಣೆ ಮೂಡಿ ಅವನ ಕೈಗೆ ಅಂಟಿತ್ತು. ಬೀಗರ ಕಡೆಯ ಇಬ್ಬರು ಹುಡುಗರು ಹಿಂದೆ ಪಿಸುಗುಟ್ಟಿದ್ದು ಅವನಿಗೆ ಚೆನ್ನಾಗಿ ಕೇಳಿಸಿತು.

"ಗುರು, ಅವ್ರಿಗೆ ಗೊತ್ತೇ ಆಗ್ತಿಲ್ಲ ಕಣೋ."

"ಸುಮ್ನಿರೋ."

ಅಪ್ಪಯ್ಯಣ್ಣ ತನ್ನ ಕಡೆಯವರತ್ತ ತಿರುಗಿದ. ಯಾರಾದರೂ ಒಬ್ಬರು ಬೀಗರಿಗೆ ತಿರುಗೇಟು ಕೊಡುತ್ತಾರೆ ಎಂದು ನೋಡಿದ. ಪಿಳ್ಳಪ್ಪ ನೆಲ ನೋಡುತ್ತಿದ್ದ. ಪದ್ಮಶ್ರೀ ಗಂಡನ ಹಿಂದೆ ಮುಖ ಮರೆಸಿಕೊಂಡಿದ್ದಳು. ನಾರಾಯಣಮ್ಮ ಸೌಟು ಹಿಡಿದು ನಿಂತಲ್ಲೇ ನಿಂತಿದ್ದಳು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಆ ಮುಖ ನೋಡಿದಾಗ ಅವನಿಗೆ ಎಲ್ಲವೂ ತಿಳಿಯಿತು.

"ಬಿಸಿಲಿಗೆ ಹಂಗೇ ಆಗ್ತದೆ ಬುಡಿ" ಎಂದು ಬಚ್ಚಪ್ಪನವರು ಕೋಲನ್ನು ತೆಗೆದುಕೊಂಡು ಕುರ್ಚಿಯಡಿ ಇಟ್ಟರು. ಅಪ್ಪಯ್ಯಣ್ಣ ಪಂಕ್ತಿಯುದ್ದಕ್ಕೂ ತಲೆ ಬಗ್ಗಿಸಿಕೊಂಡೇ ಬಡಿಸಿದ. "ಇನ್ನೊಂದು ಮುದ್ದೆ ಹಾಕಿಸ್ಕೊಳ್ಳಿ" ಎನ್ನುವಾಗಲೂ ಎಲೆಯನ್ನೇ ನೋಡುತ್ತಿದ್ದ.

ಟೆಂಪೊಗಳು ಹೋದ ಮೇಲೆ ಶಾಮಿಯಾನದವನು ಬಟ್ಟೆ ಬಿಚ್ಚುತ್ತಿದ್ದ. ಗಂಡ ಹೆಂಡತಿ ಜಗಲಿಯ ಮೇಲೆ ಕೂತರು.

"ಯಾವಾಗ್ಲಿಂದ?" ಎಂದ.

"ಹೋದ್ ವರ್ಸದಿಂದ. ಈ ವರ್ಸದ್ದು ಇನ್ನೂ ಜಾಸ್ತಿ."

"ನಂಗ್ ಮೂಗಿಲ್ಲ ಅಂತಲೂ ಗೊತ್ತಿತ್ತಾ?"

"ನಿನ್ನ ಜೊತೆ ಇಷ್ಟು ವರ್ಸ ಬಾಳಿದೋಳಿಗೆ ಗೊತ್ತಾಗಲ್ವಾ?"

"ಮತ್ತೆ ಬಾಯಿ ಬುಟ್ಟು ಹೇಳಬಾರದಾಗಿತ್ತಾ?"

"ನೀನೇ ಮುಚ್ಚಿಟ್ಕೊಂಡಿದ್ದೆ. ನಾನ್ ಹೆಂಗೆ ತೆಗೀಲಿ?"

ಅವನು ಮಾರನೆಯ ದಿನ ಬೆಳಿಗ್ಗೆ, ಕೋಲುಗಳನ್ನೆಲ್ಲ ವಾಪಸು ತರುತ್ತೇನೆಂದು ಮೊದಲು ಪಿಳ್ಳಪ್ಪನ ಮನೆ ಕಡೆ ಹೊರಟ. ದೂರದಿಂದಲೇ ಪಿಳ್ಳಪ್ಪ ಅಂಗಳದಲ್ಲಿ ಓಡಾಡುವುದು ಕಂಡಿತು. ಅವನ ಕೈಯಲ್ಲಿದ್ದುದು ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಸ್ಟೀಲ್ ಕೋಲು. ಅಪ್ಪಯ್ಯಣ್ಣನನ್ನು ಕಂಡ ಕೂಡಲೇ ಪಿಳ್ಳಪ್ಪ ಅವಸರವಾಗಿ ಗೋಡೆ ಹಿಡಿದುಕೊಂಡು ಹೋಗಿ, ಸ್ಟೀಲ್ ಕೋಲನ್ನು ಬಾಗಿಲ ಮರೆಗಿಟ್ಟು, ಕಾಂಪೌಂಡಿನ ಹೊರಗೆ ಒರಗಿಸಿದ್ದ ಜಾಲಿ ಕೋಲನ್ನು ಎತ್ತಿಕೊಂಡ. ಬಗ್ಗಿದ ಸೊಂಟದಲ್ಲಿ ಅಷ್ಟು ಬೇಗ ನಡೆದದ್ದಕ್ಕೆ ಏದುಸಿರು ಬಿಡುತ್ತಿದ್ದ.

"ಬಾ ಅಪ್ಪಯ್ಯ. ನಿನ್ ಕೋಲಿಲ್ಲದೆ ಒಂದ್ ಹೆಜ್ಜೆ ಎತ್ತಕ್ಕಾಗಲ್ಲ ನೋಡು."

ತಾನು ಈ ಬೀದಿಯಲ್ಲಿ ಹಾಯುವಾಗಲೆಲ್ಲ ಈ ಮುದುಕ ಹೀಗೇ ಓಡಿದ್ದಾನೆ ಎಂದು ಅಪ್ಪಯ್ಯಣ್ಣನಿಗೆ ಹೊಳೆಯಿತು. ಬಿದ್ದಿದ್ದರೆ? ಕೋಲು ವಾಪಸು ಕೊಡು ಎನ್ನಲು ಬಾಯಿ ಬರಲಿಲ್ಲ. ಹಾಲಿನ ಲೆಕ್ಕದ ನೆಪ ಹೇಳಿ ತಿರುಗಿ ಬಂದ. ಉಳಿದ ಮನೆಗಳಿಗೆ ಹೋಗಲೇ ಇಲ್ಲ. ಡೇರಿಗೂ ನಾರಾಯಣಮ್ಮನನ್ನೇ ಕಳಿಸತೊಡಗಿದ.

ವಾರ ಕಳೆದಿರಲಿಲ್ಲ, ಪದ್ಮಶ್ರೀಯ ಫೋನ್ ಬಂತು. ಅಮ್ಮನ ಜೊತೆ ಮಾತಾಡಿದಳು. ನಾರಾಯಣಮ್ಮ ಫೋನಿಟ್ಟು ಸೊಪ್ಪು ಬಿಡಿಸಲು ಕೂತಳು.

"ಏನಂತೆ?"

"ಏನಿಲ್ಲ."

"ಹೇಳು. ಇನ್ನ ಮುಚ್ಚಿಡೋದ್ ಬ್ಯಾಡ."

"ಆ ಊರ್ನಾಗೆ ಇವಳು ನೀರಿಗೆ ಹೋದ್ರೆ, ಮೋರಿ ಕೋಲಿನೋರ ಮಗಳು ಅಂತಾರಂತೆ. ನಗ್ತಾ ಅಂತಾರಂತೆ. ಇವಳೂ ನಗ್ತಾಳಂತೆ."

ಅಪ್ಪಯ್ಯಣ್ಣ ಒಗೆದ ಪಂಚೆ ಉಟ್ಟುಕೊಂಡು ಜಡಿಗೇನಹಳ್ಳಿಗೆ ಹೊರಟ. ತನ್ನ ಮಾನ ಹೋದದ್ದು ಹೋಯಿತು. ಹೊಸದಾಗಿ ಸೇರಿದ ಮನೆಯಲ್ಲಿ ಮಗಳು ಆ ಹೆಸರು ಹೊತ್ತುಕೊಂಡು ಬಾಳಬಾರದು ಎನ್ನುವುದೊಂದೇ ಅವನ ತಲೆಯಲ್ಲಿತ್ತು. ಬಸ್ಸಿನಲ್ಲಿ ಕೂತು ಏನು ಹೇಳಬೇಕೆಂದು ಜೋಡಿಸಿಕೊಂಡ. ಲೇಔಟಿನವರು ಕೆರೆ ಕೆಡಿಸಿದರು ಬೀಗ್ರೆ, ನಮ್ಮ ತಪ್ಪೇನಿಲ್ಲ, ಕೋಲು ವಾಪಸು ಕೊಡಿ, ಬೇರೆ ಮಾಡಿಕೊಡುತ್ತೇನೆ. ಹೇಳಿದ್ದು ಯಾವುದೂ ಸುಳ್ಳಾಗುತ್ತಿರಲಿಲ್ಲ. ಆದರೂ ಆ ಮಾತನ್ನು ಮನಸ್ಸಿನಲ್ಲಿ ಹೇಳಿಕೊಂಡಷ್ಟೂ, ಎಲ್ಲರ ಮುಂದೆ ಕಣ್ಣು ಮುಚ್ಚಿ ಉಸಿರೆಳೆದುಕೊಂಡ ತನ್ನ ಮುಖವೇ ಎದುರಿಗೆ ಬರುತ್ತಿತ್ತು.

ಬಚ್ಚಪ್ಪನವರು ಜಗಲಿಯ ಬೆಂಚಿನ ಮೇಲಿದ್ದರು. ಬೀಗರು ಬರುವುದನ್ನು ಕಂಡು ಕೈಯಲ್ಲಿದ್ದ ಸ್ಟೀಲ್ ಕೋಲನ್ನು ಬೆಂಚಿನ ಹಿಂದಕ್ಕೆ ಜಾರಿಸಿದರು. ಅದು ನೆಲಕ್ಕೆ ಬಿದ್ದು ಸದ್ದಾಯಿತು. ಇಬ್ಬರೂ ಕೇಳಿಸದವರಂತೆ ನಮಸ್ಕಾರ ಮಾಡಿಕೊಂಡರು. ಪದ್ಮಶ್ರೀ ನೀರು ತಂದುಕೊಟ್ಟಳು. ಮುನಿತಾಯಮ್ಮ ಒಳಗಿನಿಂದ ಬಂದು ಹೊಸ್ತಿಲ ಹತ್ತಿರ ಕೂತರು.

"ಬೀಗ್ರೆ, ಆ ಕೋಲು ವಾಪಸ್ ತಗೊಂಡೋಗಣಾ ಅಂತ ಬಂದೆ" ಎಂದ ಅಪ್ಪಯ್ಯಣ್ಣ.

ಬಚ್ಚಪ್ಪನವರು ಅಕ್ಕನ ಮುಖ ನೋಡಿದರು. ಪದ್ಮಶ್ರೀ ಲೋಟ ತೆಗೆದುಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ.

"ಒಳಗೈತೆ" ಎಂದರು ಮುನಿತಾಯಮ್ಮ. "ಹಬ್ಬಕ್ಕೆ ಹಿಡ್ಕೊಳ್ಳಲಿ ಅಂತ ಅಟ್ಟದ ಮೇಲಿಟ್ಟೀವಿ. ಹಂಗೆಲ್ಲ ಕೊಟ್ಟಿದ್ದನ್ನ ವಾಪಸ್ ಕೇಳ್ತಾರಾ ಬೀಗ್ರೆ? ಕಾಫಿ ಕುಡೀರಿ."

ಮಾತು ಅಲ್ಲಿಗೇ ಮುಗಿಸಬಹುದಿತ್ತು. ಕಾಫಿ ಕುಡಿದು, ಮಳೆಯ ಸುದ್ದಿ ಮಾತಾಡಿ, ಬಸ್ಸು ಹತ್ತಬಹುದಿತ್ತು. ಮುನಿತಾಯಮ್ಮನಂಥವರೂ ತನಗಾಗಿ ಸುಳ್ಳು ಹೇಳುವಂತಾಯಿತಲ್ಲ ಎನ್ನಿಸಿ ಅಪ್ಪಯ್ಯಣ್ಣನ ಕಿವಿಗಳು ಕಾದವು.

"ಅಟ್ಟ ಹುಡುಕಬ್ಯಾಡಿ" ಎಂದ. "ನಂಗೆ ಮೂಗಿಲ್ಲ. ಕೊರೋನಾ ಬಂದಾಗ್ಲಿಂದ ಏನೂ ವಾಸ್ನೆ ತಿಳಿಯಲ್ಲ. ಕೆರೆ ಕೆಟ್ಟೈತೆ ಅಂತ ಜನ ಹೇಳೋರು, ನಾನೂ ಹೌದೌದು ಅನ್ನೋನು. ಕೋಲು ನಾತ ಹೊಡೀತದೋ ಏನೋ ಅಂತ ಅನುಮಾನ ಇತ್ತು. ಯಾರನ್ನೂ ಕೇಳಲಿಲ್ಲ. ಕೇಳಿದ್ರೆ ಮೂಗಿಲ್ಲ ಅನ್ನೋದು ಆಚೆಗೆ ಬರ್ತಿತ್ತು. ಔತಣದ ದಿನ ಮೂಸಿ ಹೇಳಿದ್ದು ಬರೀ ಸುಳ್ಳು. ಇದ್ರಾಗೆ ನನ್ನ ಮಗಳದ್ದು ಏನೂ ಇಲ್ಲ. ಯಾರಾದ್ರೂ ಅವಳನ್ನ ಅಂದ್ರೆ, ಅವಳಪ್ಪ ಹಿಂಗ್ ಮಾಡಿದ ಅಂತ ನನ್ನನ್ನ ಅನ್ನಿ."

ಒಳಗೆ ಪಾತ್ರೆಯ ಸದ್ದು ನಿಂತಿತು. ಬಚ್ಚಪ್ಪನವರು ತಮ್ಮ ಮಂಡಿ ನೀವಿಕೊಂಡರು.

"ಹಂಡೆ ಒಲೆಗೆ ಹಾಕ್ಸಿದೆ ಬೀಗ್ರೆ" ಎಂದರು. "ನಾನೇ ಹಾಕು ಅಂದಿದ್ದು."

"ಒಳ್ಳೇದ್ ಮಾಡಿದ್ರಿ."

"ಉರಿವಾಗಲೂ..." ಎಂದು ಶುರುಮಾಡಿದ ಮುನಿತಾಯಮ್ಮ ಬಾಯಿ ಮುಚ್ಚಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ, "ನಾನು ತಮಾಸೆಗೆ ಅಂದಿದ್ದಪ್ಪಾ. ನಿಮ್ಗೆ ಹಿಂಗೆ ಅಂತ ಗೊತ್ತಿದ್ರೆ ಅಂತಿರಲಿಲ್ಲ" ಎಂದರು.

"ಎರಡು ವರ್ಸದಾಗೆ ನನ್ನೆದುರಿಗೆ ಹೇಳಿದ್ದು ನೀವೊಬ್ರೇ."

ಮುನಿತಾಯಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಕೂಗಿದರು. "ಪದ್ಮಾ, ನಿಮ್ಮಪ್ಪನಿಗೆ ಎಲೆ ಹಾಕು. ನಾಳೆಯಿಂದ ನಾನೇ ನಿನ್ ಜೊತೆ ನೀರಿಗೆ ಬರ್ತೀನಿ. ಯಾವಳು ಬಾಯಿ ಬಿಡ್ತಾಳೋ ನೋಡ್ತೀನಿ."

ಊಟಕ್ಕೇಳಲು ಬಚ್ಚಪ್ಪನವರು ಬೆಂಚು ಹಿಡಿದು ಎದ್ದರು. ಅಪ್ಪಯ್ಯಣ್ಣ ಬಗ್ಗಿ ಬೆಂಚಿನ ಹಿಂದೆ ಬಿದ್ದಿದ್ದ ಸ್ಟೀಲ್ ಕೋಲನ್ನು ತೆಗೆದು ಅವರ ಕೈಗಿಟ್ಟ. ಅವರು ಅದನ್ನು ಊರಿದಾಗ ಒಂದು ಹೆಗಲು ಕಿವಿಯವರೆಗೆ ಏರಿತು.

"ಉದ್ದ ಆಯ್ತು ಇದು. ಯಾರು ಹಿಂಗೆ ಇಟ್ಟಿದ್ದು?"

"ಅನಿಲ್ ತಂದಂಗೇ ಐತೆ. ಗಿಡ್ಡ ಮಾಡೋದು ಗೊತ್ತಿಲ್ಲ."

ಅಪ್ಪಯ್ಯಣ್ಣನಿಗೂ ಗೊತ್ತಿರಲಿಲ್ಲ. ನೆಲದ ಮೇಲೆ ಕೂತು ಕೋಲನ್ನು ತೊಡೆಗಿಟ್ಟು ತಿರುಗಿಸಿ ನೋಡಿದ. ಪಕ್ಕದಲ್ಲಿ ಒಂದು ಗುಂಡಿ ಸಿಕ್ಕಿತು. ಅದನ್ನು ಹೆಬ್ಬೆರಳಲ್ಲಿ ಒತ್ತಿ ಕೆಳಗಿನ ಕೊಳವೆಯನ್ನು ಮೇಲಕ್ಕೆ ತಳ್ಳಿದ. ಗುಂಡಿ ಮುಂದಿನ ತೂತಿನಲ್ಲಿ ಟಕ್ಕೆಂದು ಕೂತಿತು. ಪದ್ಮಶ್ರೀ ಬಾಗಿಲಿಗೆ ಬಂದು ನಿಂತದ್ದು ಅವನಿಗೆ ತಿಳಿಯಿತು. ಅವನು ತಲೆ ಎತ್ತಲಿಲ್ಲ.

"ಚಪ್ಪಲಿ ಮೆಟ್ಕೊಂಡು ನಿಂತ್ಕೊಳ್ಳಿ ಬೀಗ್ರೆ" ಎಂದ. "ಇನ್ನೊಂದು ತೂತು ಇಳಿಸಬೇಕೇನೋ, ನೋಡಣ."